ಗಂಧದ ಗೆರೆ

ನನ್ನ ಮಗಳು ವಾಣಿ ಡಿಪ್ಲೊಮಾದ ಕೊನೆಯ ವರ್ಷದ ಪ್ರಾಜೆಕ್ಟಿಗೆ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಲ್ಯಾಪ್‌ಟಾಪಿನ ಮುಚ್ಚಳ ತೆರೆದಾಗಲೂ ಮುಚ್ಚಿದಾಗಲೂ ಅದು ಹೊತ್ತನ್ನು ಬರೆದಿಡುತ್ತಿತ್ತು.

2007ರ ಆಯುಧಪೂಜೆ. ಮಗ್ಗೆ ಊರಿನ ನಮ್ಮ ಮನೆಯಲ್ಲಿ ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ವಾಣಿ ಲ್ಯಾಪ್‌ಟಾಪನ್ನು ಆಫ್ ಮಾಡಿ, ಬ್ಯಾಟರಿ ತೆಗೆದು, ಕುಡುಗೋಲುಗಳ ಪಕ್ಕ ಇಟ್ಟಳು. ನಾನು ಮುಚ್ಚಳದ ಸಂದಿಗೆ ಅಡ್ಡಲಾಗಿ ಗಂಧ ಎಳೆದೆ.

“ಬೀಗಮುದ್ರೆನೇ ಹಾಕ್ಬುಟ್ಯಲ್ಲಮ್ಮ!” ಎಂದು ನಕ್ಕಳು.

ಮಧ್ಯಾಹ್ನ ನಾನೊಬ್ಬಳೇ ಅಕ್ಕಿ ಕೇರುತ್ತಿದ್ದೆ. ಲ್ಯಾಪ್‌ಟಾಪಿನೊಳಗಿನ ಫ್ಯಾನು ತಿರುಗುವ ಸದ್ದು ಕೇಳಿಸಿತು. ಹತ್ತಿರ ಹೋದರೆ ನಿಂತಿತು.

ಮರುದಿನ ಎತ್ತಿದಾಗ ಅದರ ತಳ ಬೆಚ್ಚಗಿತ್ತು. ಒಣಗಿದ ಗಂಧ ಒಂದಿಷ್ಟೂ ಬಿರಿದಿರಲಿಲ್ಲ. ಬ್ಯಾಟರಿ ಹಾಕಿ ನೋಡಿದರೆ ಪಟ್ಟಿಯಲ್ಲಿ ಹೊಸ ಸಾಲು: ನಿನ್ನೆ ಎರಡು ಹತ್ತಕ್ಕೆ ತೆರೆದಿದೆ, ಎರಡು ಇಪ್ಪತ್ತಕ್ಕೆ ಮುಚ್ಚಿದೆ.

“ಆ ಸಾಲು ಅಳಿಸ್ಬುಡೇ. ಪ್ರೋಗ್ರಾಂ ಕೆಟ್ಟೈತೆ ಅಂತ ಮಾರ್ಕ್ಸ್ ಕಡೀತಾರೆ,” ಎಂದೆ.

“ಸುಳ್ಳು ಪಟ್ಟಿ ಕೊಡಲ್ಲ ಕಣಮ್ಮ.”

ಪರೀಕ್ಷಕರು ಐವತ್ತು ಸಲ ಮುಚ್ಚಿ ತೆರೆದು ನೋಡಿದರು. ಒಂದು ನಿಮಿಷವೂ ತಪ್ಪಲಿಲ್ಲ. ತರಗತಿಗೇ ಹೆಚ್ಚು ಅಂಕ ಕೊಟ್ಟು, ಆಯುಧಪೂಜೆಯ ಆ ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರಂತೆ. ನನ್ನ ಮಗಳು ತಲೆ ತಗ್ಗಿಸದೆ ಹೇಳಿದಳಂತೆ: “ತೆರೆದಿದ್ದು ನಿಜ ಸರ್. ಯಾರು ಅಂತ ಗೊತ್ತಿಲ್ಲ.”