ಮಧ್ಯಾಹ್ನದ ಅತಿಥಿ

ಅಜ್ಜಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಡೈರಿಯಲ್ಲಿ ಬರೆಯಲೂ ನಾಚಿಕೆ. ಎಪ್ಪತ್ತು ದಾಟಿದ ಅಜ್ಜಿ, ಬಿ.ಎ. ಓದಿದ ಮೊಮ್ಮಗಳು, ನಡುವೆ ಒಬ್ಬ ಕಾಂಪೌಂಡರ್.

ತಾತ ತೀರಿಕೊಂಡ ಮೇಲೆ ಅಜ್ಜಿಗೆ ಮಂಕು ಕವಿದಿತ್ತು. ಜೊತೆಗಿರಲೆಂದು ಅಪ್ಪ ನನ್ನನ್ನು ಮೈಸೂರಿನ ಹಾಸ್ಟೆಲಿನಿಂದ ನೇರ ಕೊಡಗಿನ ಶಿರಂಗಾಲಕ್ಕೆ, ಅವಳ ಮನೆಗೆ ತಂದು ಬಿಟ್ಟರು. ಅಜ್ಜಿ ಅಡುಗೆ ಮಾಡುವಳು, ಉಣ್ಣಳು. ಗಂಡ ಉಂಡೆದ್ದ ಮೇಲೆಯೇ ತಾನು ಕೂರುವುದು ಅವಳ ಜೀವಮಾನದ ರೂಢಿ. ಈಗಲೂ ಹೊಸಿಲ ಕಡೆ ನೋಡುತ್ತಲೇ ಇರುವಳು. ಅನ್ನ ಆರಿ ತಣ್ಣಗಾಗುವುದು.

"ನಾನಿದ್ದೀನಲ್ಲ ಅಜ್ಜಿ, ನನ್ನ ಜೊತೆ ಕೂತ್ಕೊ."

"ನೀನು ಉಣ್ಣವ್ವ. ನಂಗೆ ಹಸಿವಿಲ್ಲ."

ಟಾನಿಕ್ ಕೊಡಲು ಬಂದ ಆಸ್ಪತ್ರೆಯ ತರುಣ ಕಾಂಪೌಂಡರ್ ಕಲ್ಲೇಶಪ್ಪನವರು ಇದನ್ನು ಕಂಡರು. ಮರುದಿನ ಬಾಟಲಿಯಿಲ್ಲದೆ ಊಟದ ಹೊತ್ತಿಗೇ ಬಂದು, ಸೈಕಲ್ಲನ್ನು ಜಗಲಿಗೆ ಒರಗಿಸಿ, "ಅಜ್ಜಿ, ಹಸಿವು" ಎಂದು ಮಣೆಯ ಮೇಲೆ ಕೂತೇಬಿಟ್ಟರು. ಅವರು ಉಂಡರು. ಆಮೇಲೆ ಅಜ್ಜಿಯೂ ಉಂಡಳು.

ಅಂದಿನಿಂದ ನಿತ್ಯ ಇದೇ. ಇಡೀ ಕೊಡಗನ್ನು ಆಳುವ ಚೀಫ್ ಕಮಿಷನರ್ ಸಾಹೇಬರೇ ಬಂದು ಕೂತರೂ ಅಜ್ಜಿ ಅಷ್ಟು ತುಪ್ಪ ಸುರಿಯುತ್ತಿರಲಿಲ್ಲ.

"ಇಂಥ ರೊಟ್ಟಿ ಇನ್ನೆಲ್ಲಿ ಸಿಗುತ್ತೆ ಅಜ್ಜಿ?"

"ಬಾಯಿ ಸಾಕು, ತಿನ್ನು. ಮದುವೆ ಆದ ಹೊಸದ್ರಲ್ಲಿ ಇವಳ ತಾತನೂ ಹಿಂಗೇ ಪೂಸಿ ಹೊಡೀತಿದ್ರು."

ನಗುವಾಗ ಅವರ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಆ ಗುಳಿ, ಆ ನೋಟ, ಆ ಹೊಗಳಿಕೆ ಎಲ್ಲ ಅಜ್ಜಿಯ ಪಾಲಿಗೆ. ರೊಟ್ಟಿ ತಟ್ಟಿದವಳು ನಾನು. ಬಾಗಿಲ ಸಂದಿಯಲ್ಲಿ ನಿಂತು, ಹಿಟ್ಟು ಮೆತ್ತಿದ ಬೆರಳು ಒರೆಸಿಕೊಳ್ಳುತ್ತ, ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದೆ.

ಇಂದು ಅಜ್ಜಿ ಒಳಗೆ ಉಣ್ಣುತ್ತಿದ್ದಾಗ, ಜಗಲಿಯಲ್ಲಿ ನನ್ನ ಕೈಯಿಂದ ನೀರಿನ ಚೊಂಬು ತೆಗೆದುಕೊಳ್ಳುತ್ತ ಅವರು ಹೇಳಿದರು: "ನಾಳೆಯಿಂದ ನಾನು ಬರೋದಿಲ್ಲ."

"ಯಾಕೆ?"

"ನನ್ನನ್ನ ಕಂಡ ಕೂಡ್ಲೆ ನೀವು ಮುಖ ಗಂಟು ಹಾಕ್ಕೊಂಡು ಒಳಗೆ ಹೋಗ್ತೀರಿ. ನಿಮಗೆ ಬೇಡದ ಮೇಲೆ ನಾನು ಎಷ್ಟು ದಿನ ಇಲ್ಲಿ ಕೂತು ಉಣ್ಣಲಿ?"

"ಅಜ್ಜಿ ಉಪವಾಸ ಬೀಳ್ತಾಳೆ," ಎಂದೆ. ಅಜ್ಜಿಯ ಹಿಂದೆ ಅಡಗಿಕೊಳ್ಳುವುದು ಎಷ್ಟು ಸುಲಭ.

"ಬೀಳೋದಿಲ್ಲ. ಪಕ್ಕದ ಮನೆ ಬೆಳ್ಳಿಯಪ್ಪನೋರಿಗೆ ಹೇಳಿದೀನಿ. ಪಾಪ, ಅವರೂ ಒಂಟಿ. ದಿನಾ ಊಟಕ್ಕೆ ಬರ್ತಾರೆ. ಅಜ್ಜೀನೂ ಹೂಂ ಅಂದಿದ್ದಾರೆ."

ನಾನು ಹಿಂದೆ ಅಡಗಿಕೊಳ್ಳಲು ಇನ್ನು ಯಾರೂ ಉಳಿಯಲಿಲ್ಲ. ಅವರು ಚೊಂಬು ಕೆಳಗಿಟ್ಟು ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಕ್ಯಾರಿಯರನ್ನು ನಾನು ಹಿಡಿದುಕೊಂಡೆ. ಅವರು ತಿರುಗಿ, ಮೊದಲ ಸಲ ನನ್ನ ಮುಖವನ್ನೇ ನೋಡಿದರು. ಕಿವಿಗಳು ಬಿಸಿಯಾದವು.

"ನೀವು ಬರ್ದಿದ್ರೆ," ಎಂದೆ, "ನನ್ನ ಗಂಟಲಲ್ಲೂ ಅನ್ನ ಇಳಿಯೋದಿಲ್ಲ."