ಎರಡನೆಯ ಒಲೆ

ಗುರುಲಿಂಗಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದ ಬೆಳಿಗ್ಗೆಯೇ ಅತ್ತೆ ಮಲಕಮ್ಮ ಸೀರೆಗಂಟು ಕಟ್ಟಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ಐವತ್ತೈದನೆಯ ಇಸವಿಯ ಮಾತು. ಅಕ್ಕಲಕೋಟೆ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಎರಡನೆಯ ಒಲೆ ಹೊತ್ತಿತೆಂದರೆ ಮನೆ ಪಾಲಾಯಿತೆಂದೇ ಅರ್ಥ. ಅಯ್ಯೋ, ಈ ಹೆಣ್ಣುಮಗಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು! ಬೇರೆ ದಾರಿ ಎಲ್ಲಿತ್ತು?

“ನನ್ನ ಕೈಯಾಗ ವಿಷ ಐತೇನ? ಇರಾಂವ ಒಬ್ಬ ಮಗ, ಅವನ್ನೂ ನನ್ನಿಂದ ಬ್ಯಾರೆ ಮಾಡಿದಿ” ಎಂದಷ್ಟೇ ಹೇಳಿ ಮುದುಕಿ ಕಂದಲಗಾಂವದ ಮಗಳ ಮನೆಗೆ ಹೊರಟುಹೋದಳು.

ಸೊಲ್ಲಾಪುರದ ಡಾಕ್ಟರರು ಗುರುಲಿಂಗಮ್ಮನ ಗಂಡ ಕಲ್ಲಣ್ಣನ ತೋಳಿಗೆ ಪಟ್ಟಿ ಸುತ್ತಿ ನೋಡಿ, ರಕ್ತದ ಒತ್ತಡ ವಿಪರೀತವಾಗಿದೆ, ಉಪ್ಪು ಕಡಿಮೆ ಮಾಡಬೇಕು, ತಂಬಾಕು ಬಿಡಬೇಕು, ದಿನಾ ನಡೆಯಬೇಕು, ಇಲ್ಲವಾದರೆ ಅಪ್ಪನಿಗೆ ಹೊಡೆದ ಲಕ್ವಾ ಮಗನಿಗೂ ಹೊಡೆದೀತು ಎಂದಿದ್ದರು. ಮಲಕಮ್ಮನಿಗೆ ಅದು ತಲೆಗೇ ಹೋಗಲಿಲ್ಲ. ದುಡಿಯುವ ಗಂಡಸಿಗೆ ಸಪ್ಪೆ ಊಟ ಹಾಕುವುದುಂಟೇ ಎಂದು, ಸೊಸೆಯ ಕಣ್ಣು ತಪ್ಪಿಸಿ ಬೇಳೆಗೆ ಹಿಡಿ ಉಪ್ಪು ಸುರಿಯುತ್ತಿದ್ದಳು. ಅದಕ್ಕೇ ಗಂಡನ ಊಟಕ್ಕೆ ಬೇರೆ ಒಲೆ ಹೂಡಿದ್ದಳು ಗುರುಲಿಂಗಮ್ಮ.

ಮೂರು ತಿಂಗಳು ಕಳೆಯಿತು. ಕಲ್ಲಣ್ಣ ಎದುರಾಡದೆ ಸಪ್ಪೆ ಬೇಳೆ ಉಂಡ, ತಂಬಾಕಿನ ಚಂಚಿ ಬಿಟ್ಟ, ಹೊಲಕ್ಕೆ ನಡೆದೇ ಹೋದ. ಹೆಂಡತಿಯೊಡನೆ ಮಾತ್ರ ಮಾತು ನಿಂತಿತು. ಓಣಿಯವರೂ ಮನೆಮುರುಕಿ ಎಂದು ಮುಖ ತಿರುವಿದರು. ಗೋಡೆಯೊಡನೆ ಮಾತಾಡುವ ಪಾಳಿ ಬಂತು ಆಕೆಗೆ! ಮತ್ತೆ ತೋರಿಸಲು ಹೋದಾಗ ಡಾಕ್ಟರರು ಒತ್ತಡ ಇಳಿದಿದೆಯೆಂದು ಗುರುಲಿಂಗಮ್ಮನನ್ನು ಹೊಗಳಿದರು. ಕಲ್ಲಣ್ಣ ತಲೆ ತಗ್ಗಿಸಿ, “ಈಕಿ ನನ್ನ ಉಳಿಸ್ಯಾಳ್ರಿ. ಖರೆ, ನಮ್ಮವ್ವ ನನ್ನ ಪಾಲಿಗಿ ಇಲ್ಲದಂಗ ಆದಳು” ಎಂದ.

ಆ ಮಾತು ಎದೆಗೆ ನಾಟಿತು... ಮರುದಿನವೇ ಆಕೆ ಕಂದಲಗಾಂವಕ್ಕೆ ಹೋಗಿ ಅತ್ತೆಯ ಕಾಲು ಹಿಡಿದಳು. ನೀನಿರುವ ಮನೆಗೆ ಕಾಲಿಡುವುದಿಲ್ಲ ಎಂದಳು ಮಲಕಮ್ಮ.

“ನಾ ಇರಂಗಿಲ್ರಿ ಅತ್ತಿ. ನೀವ ಹೋಗ್ರಿ, ನಿಮ್ಮ ಕೈಲೇ ಅಡಗಿ ಮಾಡ್ರಿ. ಉಪ್ಪು ಮಾತ್ರ ಡಾಕ್ಟರ್ ಹೇಳಿದಷ್ಟ ಹಾಕತೀನಂತ ಲಿಂಗ ಮುಟ್ಟಿ ಆಣಿ ಮಾಡ್ರಿ. ಅಷ್ಟ ಸಾಕ ನನಗ...”

ಮುದುಕಿ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದಳು. ನೀನೂ ಇರು ಎಂದು ಮಾತ್ರ ಅನ್ನಲಿಲ್ಲ.

ಗುರುಲಿಂಗಮ್ಮ ತವರೂರು ಮರವಡೆ ಸೇರಿದಳು. ದೀಪಾವಳಿಗೆ ಮುಂಚೆ ಗಂಡನ ಸೋದರಮಾವ ಶಿವಶರಣಪ್ಪ ಅತ್ತ ಬಂದವನು, ಕಲ್ಲಣ್ಣ ಗಟ್ಟಿಮುಟ್ಟಾಗಿದ್ದಾನೆ, ತಾಯಿ ಆಣೆಗೆ ತಪ್ಪಿಲ್ಲ, ತಾನೂ ಅದನ್ನೇ ಉಣ್ಣುತ್ತಾಳೆ ಎಂದು ಸುದ್ದಿ ಹೇಳಿದ. ಚಹಾ ಕೊಟ್ಟ ಆಕೆ ಕೇಳಲೋ ಬೇಡವೋ ಎಂದು ತಡೆದು ಕೇಳಿದಳು:

“ನನ್ನ ಕರಕೊಂಡ ಬಾ ಅಂದರೇನ್ರಿ?”

ಶಿವಶರಣಪ್ಪ, ಚಹಾ ಚೆನ್ನಾಗಿದೆ ಎಂದು ಖಾಲಿ ಬಸಿ ಮುಂದೆ ಹಿಡಿದ. ಗುರುಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರು ಆರಾಮಿದ್ದರೆ ಸಾಕು ಎಂದು ಅವನಿಗೆ ಇನ್ನಷ್ಟು ಚಹಾ ಸುರಿದಳು.