ಟಗರು ಆರಿಸುವವನು

ತೊಂಬತ್ತಾರನೇ ಇಸವಿಯ ಕಾರ್ತಿಕ. ಧರ್ಮಪುರದಲ್ಲಿ ಶೇಂಗಾ ಕಿತ್ತ ಹೊಲಗಳಿಗೆ ಕುರಿ ಬಿಡುವ ಕಾಲ, ಬಿಸಿಲು ಇನ್ನೂ ಏರದ ಹೊತ್ತು. ಬದುವಿನ ಮೇಲೆ ನನ್ನ ಚಪ್ಪಲಿ ಮತ್ತೆ ಕಾಲಿನಿಂದ ಕಳಚಿತು. ಸೋದರತ್ತೆಯ ಮಗಳು ಹೇಮಾವತಿ ಅದನ್ನೆತ್ತಿ ಸೆರಗಿನಡಿ ಬಚ್ಚಿಟ್ಟಳು.

“ಕೊಕ್ಕರೆ ಕಾಲಿಗೆ ಚಪ್ಪಲಿ ಯಾಕೆ ಬಾವ?”

“ನಿನ್ನ ಹಿಂದೆ ಓಡಿ ಬರಾಕೆ.”

“ನೀನು ಓಡೋದು ನೋಡಿದೀನಿ ಬಿಡು. ನಾನೇ ನಿಂತ್ಕಂತೀನಿ.”

ನಿಂತಳು. ಕಣ್ಣು ನೆಲದಲ್ಲಿ, ನಗು ತುಟಿಯ ಒಂದೇ ತುದಿಯಲ್ಲಿ.

ನಮ್ಮಪ್ಪನಿಗೂ ಮೊಣಕಾಲಿನ ಕೆಳಗೆ ಹೀಗೇ ಸಣಕಲು. ನಡೆದರೆ ಇಬ್ಬರ ಪಾದವೂ ನೆಲಕ್ಕೆ ಬಡಿಯುತ್ತಿತ್ತು. ಆದರೂ ಕಾಲು ನೋಡಿ ಹಿಂಡಿಗೆ ತಳಿಯ ಟಗರು ಆರಿಸಲು ಸುತ್ತಿನವರು ನನ್ನನ್ನೇ ಕರೆಯುತ್ತಿದ್ದರು.

ನಾನು ಹೇಮಾವತಿಯನ್ನು ಹೆಣ್ಣು ಕೇಳಲು ಹೋದ ದಿನ ಅವಳಪ್ಪ, ಮಾರಣ್ಣ ಮಾವ, ಒಂದು ಟಗರನ್ನು ಹಿಡಿದು ತಂದು ನಿಲ್ಲಿಸಿದ.

“ಪಾಲಯ್ಯ, ಇದರಪ್ಪಂಗೆ ಹಿಂಗಾಲು ಎಳೀತಿತ್ತು. ಇದಕ್ಕೂ ಎಳೀತೈತೆ. ಹಿಂಡಿಗೆ ಬಿಡ್ಲಾ?”

“ಬ್ಯಾಡ ಮಾವ. ತಳಿ ಕೆಡ್ತೈತೆ.”

“ನೀನೇ ಅಂದೆ,” ಎಂದ ಮಾವ. “ಊಟ ಮಾಡ್ಕಂಡು ಹೋಗು.”

ಆಮೇಲೆ ಬೆಂಗಳೂರಿಗೆ ಹೋದೆ. ಅಲ್ಲಿನ ಡಾಕ್ಟರು ನನ್ನ ಕಾಲಿಗೆ ಕರೆಂಟು ಕೊಟ್ಟು ನರ ಪರೀಕ್ಷಿಸಿದರು. ಹಾಳೆಯ ಮೇಲೆ ನಮ್ಮ ವಂಶ ಬರೆದರು. ನರದ ಕಾಯಿಲೆ, ಹೆತ್ತವರಿಂದ ಬರುವುದು, ಔಷಧವಿಲ್ಲ. ಒಬ್ಬರಿಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಕೆಲವು ಮಕ್ಕಳಿಗೆ ಬಹಳ ಜೋರಾಗಿ ಬರಬಹುದು, ನಡೆಯುವುದೇ ಕಷ್ಟ ಎಂದರು.

ಹೇಮಾವತಿಗೆ ಹೊಳಲ್ಕೆರೆಯ ಗಂಡು ಗೊತ್ತಾಯಿತು. ಲಗ್ನಕ್ಕೆ ಎಂಟು ದಿನವಿದ್ದಾಗ ಅವಳು ನಮ್ಮ ಕುರಿಹಟ್ಟಿಗೆ ಬಂದು ಪಾದ ಮುಂದೆ ಚಾಚಿದಳು. ಬೆರಳುಗಳು ಮುದುಡಿದ್ದವು, ನನ್ನವುಗಳಂತೆ.

“ಮೂರು ತಿಂಗಳಿಂದ ಎಡವ್ತಿದೀನಿ. ಅವ್ವನ ಕಾಲೂ ಹಿಂಗೇ ಐತೆ. ನಾಳೆ ಗಂಡಿನೋರು ಬರ್ತಾರೆ, ಎಲ್ರ ಮುಂದೆ ಹೇಳಿಬಿಡು. ಮದುವೆ ನಿಲ್ತೈತೆ. ಆಮೇಲೆ ನನ್ನ ಯಾರ್ ಕಟ್ಕಂತಾರೆ, ನಿನ್ನ ಬಿಟ್ಟು?”

ನಕ್ಕಳು. ಅಷ್ಟು ಚೆಲುವಾಗಿ ಅವಳು ಹಿಂದೆಂದೂ ನಕ್ಕಿರಲಿಲ್ಲ.

ಮರುದಿನ ಬೀಗರಿಗೆ ನೀರು ತಂದ ಅತ್ತೆ ಹೊಸ್ತಿಲಲ್ಲಿ ಎಡವಿದಳು. ಗಂಡಿನ ಅಪ್ಪ ಶಿವಕುಮಾರಪ್ಪ ನನ್ನ ಕಾಲು ನೋಡಿದರು, ಅತ್ತೆಯ ಕಾಲು ನೋಡಿದರು.

“ಹುಡುಗಿಗೂ ಐತೇನ್ರಿ ಇದು? ನೀವು ಟಗರಿನ ಕಾಲು ನೋಡೋರಂತೆ, ನೀವೇ ಹೇಳ್ರಿ.”

ಬಾಗಿಲ ಮರೆಯಲ್ಲಿ ಹೇಮಾವತಿ ನನ್ನನ್ನೇ ನೋಡುತ್ತಿದ್ದಳು. ನನಗೆ ನಮ್ಮಿಬ್ಬರ ಮಕ್ಕಳು ಕಂಡರು, ತೆವಳುತ್ತಾ.

“ಇಲ್ರಿ,” ಎಂದೆ. “ಅವಳ ಕಾಲು ಚೆನ್ನಾಗವೆ.”

ಮಾವ ನನ್ನ ಬೆನ್ನು ತಟ್ಟಿದ.

ಲಗ್ನ ಮುಗಿದು ಟೆಂಪೋ ಹತ್ತುವಾಗ ಅವಳು ನನ್ನೆದುರು ಒಂದು ಗಳಿಗೆ ನಿಂತಳು.

“ಎಡವ್ತಾ ನಡಿಯೋ ಮಕ್ಕಳು ನನಗೆ ಹುಟ್ಟಿದ್ರೆ ನೀನೇ ಹೆಸರಿಡು ಬಾ,” ಎಂದಳು. ಬಾವ ಎನ್ನಲಿಲ್ಲ.

ತೊಂಬತ್ತೆಂಟರ ಮಾಘ, ಗುರುವಾರ, ಗಂಡನ ಮನೆಯಲ್ಲಿ ಎಡವಿ ಬಿದ್ದು ಹೇಮಾವತಿ ತೀರಿಕೊಂಡಳು.